ಗುಡುಗಿದ ಮೇಲಿನ ಕಾಡು

ಕೇಳುಗರಿಗೆ ನಮಸ್ಕಾರ.

ಬೇಸಿಗೆಯಲ್ಲಿ ಕಾಡಿಗೆ ಹೊರಟರೆ, ತರಗೆಲೆಯಲ್ಲಿ ಏನು ನೋಡುತ್ತೀರಿ ಎಂದು ನಗುವವರಿದ್ದಾರೆ. ಏಪ್ರಿಲ್ ಮುಗಿಯುವವರೆಗೆ ಅವರ ಮಾತನ್ನು ನಾನೂ ಅಲ್ಲಗಳೆಯುವುದಿಲ್ಲ. ಮೇ ತಿಂಗಳಲ್ಲಿ ಎರಡು ಮೂರು ಗುಡುಗಿನ ಮಳೆ ಬೀಳಲಿ. ಆಮೇಲೆ ಒಂದು ಬೆಳಿಗ್ಗೆ ಕಾರ್ಕಳದ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಸುತ್ತಾಡಿ ನೋಡಿ.

ಮೊದಲು ಕಿವಿಗೆ ಬೀಳುವುದು ಜೀರುಂಡೆಯ ಕಿರುಚಾಟ. ಹೊಟ್ಟೆಯ ಇಕ್ಕೆಲಗಳಲ್ಲಿರುವ ಪುಟ್ಟ ತಮಟೆಗಳನ್ನು ಬಾರಿಸುವುದು ಗಂಡು ಮಾತ್ರ. ತಲೆಯೆತ್ತಿದರೆ ಹಳೆಯ ಹಲಸಿನ ಕೊಂಬೆಯಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂವು, ಬಿಳಿ-ನೇರಳೆ ಜಡೆಯಂತೆ ಜೋತು ಬಿದ್ದಿರುತ್ತದೆ. ಮರದ ಮೇಲಿದ್ದರೂ ಅದು ಮರದ ರಸ ಹೀರುವುದಿಲ್ಲ. ಬಂದಳಿಕೆಯೆಂದು ತಿಳಿದು ಕಿತ್ತೆಸೆಯುವವರಿಗೆ ಇದನ್ನು ಹೇಳಬೇಕು.

ಆದರೆ ಈ ದಿನಗಳಲ್ಲಿ ಊರಿನವರ ಕಣ್ಣೆಲ್ಲ ನೆಲದ ಮೇಲೆ. ಕಳೆದ ವರ್ಷ ನಾನು ಒಬ್ಬ ವಯಸ್ಸಾದ ತಾಯಿಯ ಹಿಂದೆ ಹೋಗಿದ್ದೆ. ಅವರ ಕೈಯಲ್ಲೊಂದು ಚೂಪು ಕೋಲು, ಸೊಂಟದಲ್ಲೊಂದು ಚೀಲ. ಕಿರಾಲುಬೋಗಿ ಮರದ ಬುಡದಲ್ಲಿ ತರಗೆಲೆ ಸರಿಸಿ ಮಣ್ಣು ಕೆದಕಿದರು. ಗೋಲಿಗಿಂತ ತುಸು ದೊಡ್ಡದಾದ, ಮಣ್ಣು ಮೆತ್ತಿದ ಉಂಡೆಗಳು ಹೊರಬಂದವು: ಕಲ್ಲಣಬೆ. ಕೊಡೆಯಿಲ್ಲ, ಕಾಂಡವಿಲ್ಲ. ಒಂದನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಕೊಬ್ಬರಿಯ ಬಿಳುಪು. ಬಲಿತರೆ ಅದೇ ತಿರುಳು ಕಪ್ಪು ಪುಡಿಯಾಗುತ್ತದೆ, ಆಗ ಬಾಯಿಗಿಡುವಂತಿಲ್ಲ.

"ಎಲ್ಲ ಮರದ ಕೆಳಗೂ ಸಿಗುತ್ತದೆಯೇ ಅಮ್ಮ?" ಎಂದೆ.

"ಸಿಕ್ಕಿದ್ದರೆ ನಾನೇಕೆ ಇಷ್ಟು ದೂರ ನಡೆಯುತ್ತಿದ್ದೆ?" ಎಂದರು.

ಅವರ ಮಾತು ಸರಿ. ಈ ಅಣಬೆಯ ನೂಲು ಮಣ್ಣಿನೊಳಗೆ ಕೆಲವೇ ಜಾತಿಯ ಮರಗಳ ಬೇರಿಗೆ ಹೆಣೆದುಕೊಳ್ಳುತ್ತದೆ. ಬೇರಿಗೆ ನೀರು, ಲವಣ ಒದಗಿಸುತ್ತದೆ. ಮರ ತನ್ನ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಹುಲ್ಲು ತುಂಬಿದ ಚೀಲದಲ್ಲಿ ಬೆಳೆಸುವ ಅಣಬೆಯಂತೆ ಇದನ್ನು ಮನೆಯಲ್ಲಿ ಬೆಳೆಯಲಾಗುವುದಿಲ್ಲ. ಪೇಟೆಯಲ್ಲಿ ಕೋಳಿಮಾಂಸಕ್ಕಿಂತ ದುಬಾರಿಯಾಗುವುದು ಸುಮ್ಮನೆ ಅಲ್ಲ. ಗುಡುಗಿಗೆ ನೆಲ ಬಿರಿದು ಕಲ್ಲಣಬೆ ಏಳುತ್ತದೆ ಎನ್ನುತ್ತಾರೆ. ಗುಡುಗೋ, ಅದರ ಬೆನ್ನಿಗೆ ಬರುವ ನೀರೋ, ನಾನು ವಾದಕ್ಕಿಳಿಯುವುದಿಲ್ಲ. ಒಂದು ಮಾತು ಮಾತ್ರ: ಬಲ್ಲವರು ಜೊತೆಗಿಲ್ಲದೆ ಯಾವ ಕಾಡಣಬೆಯನ್ನೂ ಅಡುಗೆಮನೆಗೆ ತರಬೇಡಿ.

ಇನ್ನೊಂದು ಮರದ ಬುಡದಲ್ಲಿ ಅಮ್ಮನ ಕೋಲು ಗಕ್ಕನೆ ನಿಂತಿತು. ತೊಗಟೆಯ ಬಣ್ಣದ್ದೇ ಒಂದು ಹಾರುವ ಓತಿ ನೆಲದ ಮೇಲಿತ್ತು. ಪಕ್ಕೆಲುಬಿಗೆ ಅಂಟಿದ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಪ್ರಾಣಿ ಅದು. ಇರುವೆ ತಿನ್ನುತ್ತ ಬದುಕೆಲ್ಲ ಕಾಂಡದ ಮೇಲೆಯೇ ಕಳೆಯುತ್ತದೆ. ಹೆಣ್ಣು ಕೆಳಗಿಳಿದಿದೆಯೆಂದರೆ ಮೊಟ್ಟೆಯಿಡಲು. ಮೂತಿಯಿಂದ ಮಣ್ಣು ಒತ್ತುತ್ತ ಅದು ನಮ್ಮನ್ನು ಗಮನಿಸಲೇ ಇಲ್ಲ.

ಆ ಮರದಡಿ ಕಲ್ಲಣಬೆ ಇತ್ತೋ ಇಲ್ಲವೋ. ಅಮ್ಮ ಚೀಲ ಸರಿಪಡಿಸಿಕೊಂಡು, ಸದ್ದಿಲ್ಲದೆ ಮುಂದಿನ ಮರದತ್ತ ಹೊರಟರು.