ತಾನಾಗಿ ಸಿಗುವ ವಿಳಾಸಕ್ಕೆ ಅರ್ಜಿ ಏಕೆ?

ಹಾಸ್ಟೆಲ್‌ಗೆ ಹೊಸದಾಗಿ ಸೇರಿದ ವಿದ್ಯಾರ್ಥಿ ವೈಫೈ ಕೇಳಿದರೆ, ಹಲವು ಕ್ಯಾಂಪಸ್‌ಗಳಲ್ಲಿ ಇಂದಿಗೂ ಅವನ ಕೈಗೆ ಒಂದು ಅರ್ಜಿ ಬರುತ್ತದೆ. ಹೆಸರು, ರಿಜಿಸ್ಟರ್ ನಂಬರ್, ಫೋನಿನ ಮ್ಯಾಕ್ ವಿಳಾಸ (ಜಾಲದಲ್ಲಿ ಆ ಯಂತ್ರವನ್ನು ಗುರುತಿಸುವ ಸಂಖ್ಯೆ), ಕೆಳಗೆ ವಾರ್ಡನ್ ಸಹಿ. ಈ ಪದ್ಧತಿಯನ್ನು ಕೈಬಿಡಲೇಬೇಕು.

ಜಾಲಕ್ಕೆ ಸೇರುವ ಯಂತ್ರಕ್ಕೆ ಐಪಿ ವಿಳಾಸವನ್ನು ತಾನಾಗಿ ಕೊಡುವ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಹುಟ್ಟಿದ್ದೇ ಇಂಥ ತಾಪತ್ರಯ ತಪ್ಪಿಸಲಿಕ್ಕೆ. ಅದನ್ನು 1993ರಲ್ಲಿ ಬರೆದು, 1997ರಲ್ಲಿ ಪರಿಷ್ಕರಿಸಿದ ರಾಲ್ಫ್ ಡ್ರಾಮ್ಸ್ ಅಮೆರಿಕದ ಬಕ್ನೆಲ್ ವಿಶ್ವವಿದ್ಯಾಲಯದವರು. ಅಂದರೆ ಇದು ಕ್ಯಾಂಪಸ್ಸಿನವರೇ ಬರೆದ ವ್ಯವಸ್ಥೆ. ಹೊಸ ಯಂತ್ರ ತನಗೊಂದು ವಿಳಾಸ ಬೇಕೆಂದು ಜಾಲಕ್ಕೆಲ್ಲ ಕೇಳುವಂತೆ ಕೂಗುತ್ತದೆ, ಸರ್ವರ್ ಒಂದನ್ನು ಮುಂದಿಡುತ್ತದೆ, ಯಂತ್ರ ಅದೇ ಇರಲಿ ಎನ್ನುತ್ತದೆ, ಸರ್ವರ್ ಖಚಿತಪಡಿಸುತ್ತದೆ. ನಾಲ್ಕೇ ಸಂದೇಶ. ಮನುಷ್ಯರ ಕೈ ಎಲ್ಲಿಯೂ ಬೇಕಿಲ್ಲ.

ನಾವು ಆ ಸರ್ವರ್ ಮುಂದೆ ಮ್ಯಾಕ್ ಪಟ್ಟಿ ಹಿಡಿದು, ಅದರಲ್ಲಿಲ್ಲದ ಯಂತ್ರಕ್ಕೆ ಐಪಿ ವಿಳಾಸ ಕೊಡಬೇಡ ಎಂದು ಕಾವಲು ನಿಂತಿದ್ದೇವೆ. ಆದರೆ 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಂದಿನಿಂದ ಫೋನುಗಳು ಒಂದೊಂದು ವೈಫೈಗೂ ಒಂದೊಂದು ಮ್ಯಾಕ್ ವಿಳಾಸ ತೋರಿಸುತ್ತವೆ. ಬಳಕೆದಾರರ ಜಾಡು ಯಾರಿಗೂ ಸಿಗದಿರಲಿ ಎಂಬ ಒಳ್ಳೆಯ ಕಾರಣಕ್ಕೆ. ಅರ್ಜಿಯಲ್ಲಿ ಬರೆದದ್ದು ಒಂದು, ಫೋನು ಹೇಳುವುದು ಇನ್ನೊಂದು, ಸರ್ವರ್ ಮೌನ. ಲ್ಯಾಪ್‌ಟಾಪ್ ಆದರೆ 169.254ರಿಂದ ಶುರುವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕೂರುತ್ತದೆ, ಅದರಿಂದ ಇಂಟರ್ನೆಟ್ ಸಿಗುವುದಿಲ್ಲ. ಆಗ ಹುಡುಗರಿಗೆ ಸಿಗುವ ಸಲಹೆ, ಆ ರಕ್ಷಣೆಯನ್ನೇ ಆಫ್ ಮಾಡಿ ಎಂಬುದು. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮ್ಯಾಕ್ ವಿಳಾಸವನ್ನು ನಕಲು ಮಾಡುವುದು ಸುಲಭ; ಅದನ್ನು ನಂಬಿದ ಪಟ್ಟಿಯಿಂದ ಭದ್ರತೆಯೂ ಬರುವುದಿಲ್ಲ.

ಇನ್ನು ಗುತ್ತಿಗೆ ಅವಧಿ, ಅಂದರೆ ಒಂದು ಐಪಿ ವಿಳಾಸ ಒಂದು ಯಂತ್ರಕ್ಕೆ ಮೀಸಲಾಗಿರುವ ಕಾಲ. ವಿಂಡೋಸ್ ಸರ್ವರ್ ಸುಮ್ಮನೆ ಬಿಟ್ಟರೆ ಒಂದು ವಿಳಾಸವನ್ನು 8 ದಿನಕ್ಕೆ ಕೊಡುತ್ತದೆ. ಸಾಮಾನ್ಯ ಪುಟ್ಟ ಜಾಲದಲ್ಲಿ ಇರುವುದೇ 254 ವಿಳಾಸ. ಕ್ಯಾಂಟೀನಿನಲ್ಲಿ ಕಾಫಿ ಕುಡಿದು ಹೋದವರ ಫೋನುಗಳೆಲ್ಲ ವಾರವಿಡೀ ಒಂದೊಂದು ವಿಳಾಸ ಹಿಡಿದಿಟ್ಟರೆ ಮಧ್ಯಾಹ್ನ ಬಂದವರಿಗೆ ಉಳಿಯುವುದೇನು? ಜನ ಬಂದು ಹೋಗುವ ಜಾಗದಲ್ಲಿ ಒಂದೆರಡು ಗಂಟೆ ಸಾಕು. ಇದಕ್ಕೆ ಹೊಸ ಉಪಕರಣ ಬೇಡ, ಒಂದು ಸೆಟ್ಟಿಂಗ್ ಬದಲಿಸಿದರಾಯಿತು.

ಗುರುತಿಸಬೇಕಾದದ್ದು ಯಂತ್ರವನ್ನಲ್ಲ, ವ್ಯಕ್ತಿಯನ್ನು. ವಿದ್ಯಾರ್ಥಿಯ ಸ್ವಂತ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿ ಒಳಬಿಡುವ ಎಡುರೋಮ್ ವ್ಯವಸ್ಥೆಯನ್ನು ಭಾರತದಲ್ಲಿ ಅರ್ನೆಟ್ ಎಂಬ ಸರ್ಕಾರಿ ಸಂಸ್ಥೆ ನಡೆಸುತ್ತಿದೆ. ಅದಕ್ಕೆ ಸೇರಿದ ಕಾಲೇಜಿನ ವಿದ್ಯಾರ್ಥಿ ಸೇರಿದ ಇನ್ನೊಂದು ಕ್ಯಾಂಪಸ್ಸಿಗೆ ಹೋದರೂ ಅದೇ ಪಾಸ್‌ವರ್ಡ್ ನಡೆಯುತ್ತದೆ. ಪ್ರಿಂಟರ್, ಪ್ರಯೋಗಾಲಯದ ಸೆನ್ಸರ್ ಮೊದಲಾದವು ಪಾಸ್‌ವರ್ಡ್ ಹಾಕಲಾರವು, ಒಪ್ಪುತ್ತೇನೆ. ಮ್ಯಾಕ್ ಪಟ್ಟಿ ಅವುಗಳಿಗಷ್ಟೇ ಇರಲಿ, ಅದೂ ಪ್ರತ್ಯೇಕ ಜಾಲದಲ್ಲಿ.