ನಿನ್ನ ಒಳ್ಳೆಯದಕ್ಕೇ ಹೇಳ್ತಿರೋದು

ಎಲ್ಲರಿಗೂ ನಮಸ್ಕಾರ. ವಯಸ್ಸಿಗೆ ಬಂದ ಮಕ್ಕಳಿರುವ ಅಪ್ಪ ಅಮ್ಮಂದಿರು ದಯವಿಟ್ಟು ರೇಡಿಯೊ ದನಿ ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ನಾನು ಹೇಳುವುದು ಒಂದೇ ಮಾತು. "ನಿನ್ನ ಒಳ್ಳೆಯದಕ್ಕೇ" ಅಂತ ಹೇಳಿ ಬೆಳೆದವರ ದಾರಿಗೆ ಅಡ್ಡ ನಿಲ್ಲುವ ಹಕ್ಕು ಯಾರಿಗೂ ಇಲ್ಲ. ಅಪ್ಪನಿಗಿಲ್ಲ, ಊರಿಗಿಲ್ಲ, ಸರ್ಕಾರಕ್ಕೂ ಇಲ್ಲ.

ಇದನ್ನು 1859ರಲ್ಲಿ ಗಟ್ಟಿಯಾಗಿ ಹೇಳಿದವನು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್. ಅವನು ಬೆಳೆದ ಕಥೆ ಕೇಳಿ. ಅಪ್ಪ ಜೇಮ್ಸ್ ಮಿಲ್ ದೊಡ್ಡ ವಿದ್ವಾಂಸ, ಮಗನನ್ನು ಶಾಲೆಗೆ ಕಳಿಸಲೇ ಇಲ್ಲ. ಮೂರನೇ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್. ಅಪ್ಪ ಬರೆಯುತ್ತಾ ಕೂತ ಮೇಜಿನಲ್ಲೇ ಮಗನ ಪಾಠ. ಆಗ ಗ್ರೀಕ್‌ನಿಂದ ಇಂಗ್ಲಿಷಿಗೆ ನಿಘಂಟು ಇರಲಿಲ್ಲ, ಹಾಗಾಗಿ ಗೊತ್ತಿಲ್ಲದ ಒಂದೊಂದು ಪದಕ್ಕೂ ಆ ಪುಟ್ಟ ಹುಡುಗ ಅಪ್ಪನ ಮುಖ ನೋಡಬೇಕು. ಓರಗೆಯ ಹುಡುಗರ ಜೊತೆ ಆಟ ಇಲ್ಲ. ಎಲ್ಲಾ ಅವನ ಒಳ್ಳೆಯದಕ್ಕೇ, ಅಲ್ವಾ?

1826. ಹುಡುಗನಿಗೆ ಇಪ್ಪತ್ತು. ಒಂದು ದಿನ ತನ್ನನ್ನೇ ಕೇಳಿಕೊಂಡ: ಸಮಾಜದಲ್ಲಿ ನಾನು ಬಯಸಿದ ಸುಧಾರಣೆಗಳೆಲ್ಲ ಈಗಲೇ ಆಗಿಬಿಟ್ಟರೆ ನನಗೆ ಸಂತೋಷವಾಗುತ್ತಾ? ಒಳಗಿಂದ ಬಂದ ಉತ್ತರ, ಇಲ್ಲ. ತಿಂಗಳುಗಟ್ಟಲೆ ಮಂಕು ಕವಿಯಿತು. ಕೊನೆಗೆ ಫ್ರೆಂಚ್ ಲೇಖಕನೊಬ್ಬನ ನೆನಪುಗಳನ್ನು ಓದುವಾಗ, ಅಪ್ಪ ಸತ್ತ ಮನೆಯಲ್ಲಿ ಒಬ್ಬ ಹುಡುಗ "ಇನ್ನು ನಿಮಗೆಲ್ಲ ನಾನಿದ್ದೇನೆ" ಎಂದು ನಿಲ್ಲುವ ಕಡೆ ಮಿಲ್‌ಗೆ ಅಳು ಬಂತು. ತಾನಿನ್ನೂ ಕಲ್ಲಾಗಿಲ್ಲ ಅಂತ ಆವತ್ತು ಗೊತ್ತಾಯಿತು. ಈ ಭಾಗ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಮುಂದೆ ಅವನೇ ಬರೆದ: ಮನುಷ್ಯ ಯಂತ್ರವಲ್ಲ, ಮರ. ತನ್ನೊಳಗಿನ ಶಕ್ತಿಯಿಂದ ಎಲ್ಲಾ ಕಡೆಗೂ ಬೆಳೆಯಬೇಕು.

"ಹಾಗಾದ್ರೆ ಮಕ್ಕಳು ಹಾಳಾಗಲಿ ಅಂತೀರಾ" ಅಂತ ಕೇಳಬೇಡಿ, ಈ ಪ್ರಶ್ನೆ ಕೇಳಿ ಕೇಳಿ ನನಗೆ ಸಾಕಾಗಿದೆ. ಮಿಲ್ ಹೇಳುವ ಸೇತುವೆಯನ್ನೇ ನೋಡಿ. ಸೇತುವೆ ಕುಸಿಯುವ ಹಾಗಿದೆ, ಗೊತ್ತಿಲ್ಲದವನೊಬ್ಬ ಕಾಲಿಡುತ್ತಿದ್ದಾನೆ, ಕೂಗಿ ಹೇಳಲು ಸಮಯವಿಲ್ಲ. ಹಿಡಿದು ಎಳೆಯಿರಿ, ತಪ್ಪಿಲ್ಲ. ಬಿದ್ದೇ ಬೀಳುತ್ತೆ ಅಂತಲ್ಲ, ಬೀಳಬಹುದು ಅಂತಿದ್ದರೆ? ಎಚ್ಚರಿಸಿ. ತಿಳಿದೂ ಹೊರಟರೆ ದಾರಿ ಬಿಡಿ. ಬುದ್ಧಿ ಹೇಳಿ, ಬೇಡಿಕೊಳ್ಳಿ, ವಾದ ಮಾಡಿ, ಆದರೆ ತಡೆಯಬೇಡಿ. ಬೇರೆಯವರಿಗೆ ಕೇಡಾಗುತ್ತಿದ್ದರೆ ಮಾತ್ರ ತಡೆಯಿರಿ.

ಸಮಯ ಆಗೇ ಹೋಯಿತು. ಹೆಂಗಸರ ವಿಷಯ ಹೇಳದೆ ಏಳುವುದಿಲ್ಲ. 1867ರ ಮೇ 20, ಅವನ 61ನೇ ಹುಟ್ಟುಹಬ್ಬ. ಹೆಂಗಸರಿಗೂ ಓಟು ಕೊಡಿ ಅಂತ ಆವತ್ತು ಪಾರ್ಲಿಮೆಂಟಿನಲ್ಲಿ ಎದ್ದು ನಿಂತ. ಪರವಾಗಿ 73, ವಿರುದ್ಧ 196. ಸೋತ. ಆದರೆ ಆ 73 ಜನ ಕೈ ಸೇರಿಸಿದರಲ್ಲ, ಅವನಿಗೆ ಅದೇ ಹಬ್ಬ.

ನಮಸ್ಕಾರ.