ಒಂದೇ ಯಂತ್ರ, ಹಲವು ಕೆಲಸ: ಸರದಿ ಹುಡುಕುವ ಬಗೆ

ಕೇಳುಗರಿಗೆ ನಮಸ್ಕಾರ. ಯಂತ್ರ ಒಂದೇ. ಒಮ್ಮೆಗೆ ಒಂದೇ ಕೆಲಸ ಹಿಡಿಯುತ್ತದೆ, ಹಿಡಿದದ್ದನ್ನು ಮುಗಿಸದೆ ಬಿಡುವುದಿಲ್ಲ. ಕೆಲಸಗಳೆಲ್ಲ ಮೊದಲೇ ಬಂದು ಕಾದಿವೆ. ಒಂದೊಂದಕ್ಕೂ ಒಂದು ಗಡುವು. ಗಡುವು ದಾಟಿದ ನಿಮಿಷಗಳನ್ನೆಲ್ಲ ಕೂಡಿದರೆ ಬರುವ ಒಟ್ಟು ವಿಳಂಬ ಆದಷ್ಟು ಕಡಿಮೆ ಇರಬೇಕು.

ಎಲ್ಲಕ್ಕಿಂತ ಹೆಚ್ಚು ತಡವಾದ ಕೆಲಸದ ತಡವನ್ನಷ್ಟೇ ತಗ್ಗಿಸುವುದಾದರೆ ಗಡುವಿನ ಕ್ರಮದಲ್ಲಿ ಜೋಡಿಸಿದರೆ ಮುಗಿಯಿತು. ಸಂಶೋಧಕ ಜಾಕ್ಸನ್ 1955ರಲ್ಲೇ ಇದನ್ನು ತೋರಿಸಿಕೊಟ್ಟರು. ಒಟ್ಟು ವಿಳಂಬ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದು ಎನ್‌ಪಿ-ಹಾರ್ಡ್, ಅಂದರೆ ಎಲ್ಲ ಸಂದರ್ಭಕ್ಕೂ ಬೇಗ ಬಿಡಿಸುವ ವಿಧಾನ ಯಾರಿಗೂ ಗೊತ್ತಿಲ್ಲದ ಕಠಿಣ ಸಮಸ್ಯೆಗಳ ಗುಂಪಿನದು ಎಂದು ಸಂಶೋಧಕರಾದ ಡು ಮತ್ತು ಲ್ಯೂಂಗ್ 1990ರಲ್ಲಿ ಸಾಧಿಸಿದರು. 20 ಕೆಲಸಗಳ ಎಲ್ಲ ಸರದಿಗಳನ್ನೂ ಸೆಕೆಂಡಿಗೆ ಒಂದು ಕೋಟಿಯಂತೆ ನೋಡುತ್ತ ಹೋದರೂ 7,000 ವರ್ಷ ಮೀರುತ್ತದೆ. ಹಾಗೆ ಎಲ್ಲವನ್ನೂ ಎಣಿಸದ ನಿಖರ ವಿಧಾನಗಳೂ ಇವೆ. ಆದರೆ ಕೆಲಸಗಳು ತೀರಾ ಹೆಚ್ಚಾದಾಗ ಹ್ಯೂರಿಸ್ಟಿಕ್ ಹುಡುಕಾಟ, ಅಂದರೆ ಅತ್ಯುತ್ತಮವೆಂಬ ಖಾತ್ರಿಯಿಲ್ಲದಿದ್ದರೂ ಒಳ್ಳೆಯ ಸರದಿಯನ್ನು ಬೇಗ ಹುಡುಕುವುದು, ಕೈಗೆಟಕುವ ದಾರಿ.

ಒಂದು ಸರದಿ ಹಿಡಿದು, ಸ್ವಲ್ಪ ಬದಲಿಸಿ, ವಿಳಂಬ ಇಳಿದರೆ ಒಪ್ಪಿಕೊಳ್ಳುತ್ತ ಹೋಗುವುದು ಇದರ ತಿರುಳು. ಆ 'ಸ್ವಲ್ಪ ಬದಲಿಸಿ' ಎಂಬಲ್ಲೇ ಇರುವುದು ಎಲ್ಲ ಗುಟ್ಟು. ಬೇಕಿದ್ದರೆ ಕಾಗದ ಪೆನ್ನು ತೆಗೆದುಕೊಳ್ಳಿ. ಅ ಎಂಬ ಕೆಲಸಕ್ಕೆ 16 ನಿಮಿಷ ಬೇಕು, ಗಡುವು 16. ಬ ಗೆ 4 ನಿಮಿಷ, ಗಡುವು 17. ಕ ಗೆ 5 ನಿಮಿಷ, ಗಡುವು 18. ಗಡುವಿನ ಕ್ರಮ ಅ, ಬ, ಕ. ಅ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಬ 3 ನಿಮಿಷ ತಡ, ಕ 7 ನಿಮಿಷ ತಡ; ಒಟ್ಟು 10. ಅಕ್ಕಪಕ್ಕದವನ್ನು ಅದಲುಬದಲು ಮಾಡಿ ನೋಡಿ: ಬ, ಅ, ಕ ಎಂದರೆ 11, ಅ, ಕ, ಬ ಎಂದರೂ 11. ಹುಡುಕಾಟ ಇಲ್ಲೇ ನಿಂತುಬಿಡುತ್ತದೆ. ಆದರೆ ಅ ವನ್ನು ಕಿತ್ತು ಕೊನೆಗೆ ಹಾಕಿದರೆ ಅದೊಂದೇ 9 ನಿಮಿಷ ತಡ, ಉಳಿದೆರಡೂ ಗಡುವಿನೊಳಗೆ. ಒಟ್ಟು 9. ಚಿಕ್ಕ ಕೆಲಸ ಮೊದಲು ಎಂಬ ನಿಯಮದಿಂದ ಹೊರಟಿದ್ದರೂ ಇದೇ ಸಿಗುತ್ತಿತ್ತು. ಆದ್ದರಿಂದ ಆರಂಭ ಒಂದೇ ಬೇಡ. ಅದಲುಬದಲಿನ ಜೊತೆಗೆ ಕಿತ್ತು ಸೇರಿಸುವ ನಡೆಯೂ ಇರಲಿ.

ಇದೇ ಹುಡುಕಾಟದ ಇನ್ನೊಂದು ಬಗೆಯಾದ ಸಿಮ್ಯುಲೇಟೆಡ್ ಅನೀಲಿಂಗ್‌ನಲ್ಲಿ ಕೆಟ್ಟ ನಡೆಯನ್ನೂ ಆಗೊಮ್ಮೆ ಈಗೊಮ್ಮೆ ಒಪ್ಪುತ್ತೇವೆ. ಎಷ್ಟು ಸಲೀಸಾಗಿ ಒಪ್ಪಬೇಕೆಂದು ಹೇಳುವ ಅಂಕಿಗೆ ತಾಪಮಾನ ಎಂದು ಹೆಸರು. ವಿಳಂಬ 1 ಹೆಚ್ಚಿ, ತಾಪಮಾನವೂ 1 ಇದ್ದರೆ ಒಪ್ಪುವ ಸಂಭವ ಸುಮಾರು ಶೇಕಡಾ 37. ಬಹಳಷ್ಟು ಮಂದಿ ಎಡವುವುದು ಇಲ್ಲಿ: ನಿಮಿಷದ ಲೆಕ್ಕವನ್ನು ಸೆಕೆಂಡಿಗೆ ಬದಲಿಸಿ, ತಾಪಮಾನವನ್ನು ಹಾಗೇ ಬಿಡುತ್ತಾರೆ. ವ್ಯತ್ಯಾಸ 60 ಪಟ್ಟಾಗುತ್ತದೆ, ಕೆಟ್ಟ ನಡೆಗಳು ಒಂದೂ ದಾಟುವುದಿಲ್ಲ. ಅನೀಲಿಂಗ್ ಹೆಸರಿಗಷ್ಟೇ ಉಳಿಯುತ್ತದೆ. ಈವರೆಗಿನ ಅತ್ಯುತ್ತಮ ಸರದಿಯ ಪ್ರತಿಯನ್ನೂ ಬೇರೆಯೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಸಿಕ್ಕದ್ದು ಕೈತಪ್ಪುತ್ತದೆ.

ವೇಗದ ಬಗ್ಗೆ ಒಂದು ಮಾತು. ಅಕ್ಕಪಕ್ಕದ ಎರಡನ್ನು ಬದಲಿಸಿದಾಗ ಆ ಎರಡರ ಮುಗಿಯುವ ಹೊತ್ತು ಮಾತ್ರ ಬದಲಾಗುತ್ತದೆ. ಇಡೀ ಸರದಿಯನ್ನು ಮತ್ತೆ ಕೂಡಬೇಕಿಲ್ಲ. ಆದರೆ ಒಂದು ಕೆಲಸದಿಂದ ಇನ್ನೊಂದಕ್ಕೆ ಯಂತ್ರ ಸಜ್ಜುಗೊಳಿಸಲು ಬೇರೆ ಬೇರೆ ಹೊತ್ತು ಹಿಡಿಯುವುದಾದರೆ ಈ ಅಡ್ಡದಾರಿ ನಡೆಯದು. ಆಗ ಬದಲಿಸಿದ ಜಾಗದಿಂದ ಮುಂದಿನ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು. ನಮಸ್ಕಾರ.